ನೆಮ್ಮದಿಸದ್ದು

ಬೆಳಕು ಹರಿಯುತ್ತಿದ್ದಂತೆ ಆಹ್ವಾನಕ ತನ್ನ ಕೆಲಸ ಆರಂಭಿಸಿತು. ಪೇರಲ ಗಿಡದ ಪಕ್ಕದಲ್ಲಿ ನೆಟ್ಟಿದ್ದ ಬೂದು ಬಣ್ಣದ ಕಂಬ ಅದು. ನೆತ್ತಿಯ ಮೇಲೊಂದು ಸೌರಫಲಕ, ಅದರ ಕೆಳಗೆ ಜಾಲರಿ ಹೊದ್ದ ಧ್ವನಿಪೆಟ್ಟಿಗೆ, ಇನ್ನೂ ಕೆಳಗೆ ಅಂಗೈ ಅಗಲದ ಪರದೆ. ಮೊದಲು ಅದು ಮನುಷ್ಯರಿಗೆ ಕಾಣದ ನೇರಳಾತೀತ ಬೆಳಕನ್ನು ಕೊಂಬೆಗಳ ಮೇಲೆ ಚೆಲ್ಲಿತು. ಆ ಬೆಳಕಿನಲ್ಲಿ ಮಾಗಿದ ಹಣ್ಣು ಹಕ್ಕಿಯ ಕಣ್ಣಿಗೆ ಬಹು ದೂರದಿಂದಲೇ ಹೊಳೆಯುತ್ತದೆ. ಆಮೇಲೆ ಮೆಲ್ಲಗೆ ಸದ್ದು ಮಾಡತೊಡಗಿತು. ಕಿವಿಗೊಟ್ಟು ಕೇಳಿದರೆ, ಹೊಟ್ಟೆ ತುಂಬಿದ ಹತ್ತಾರು ಹಕ್ಕಿಗಳು ರೆಕ್ಕೆ ಕೆದರಿಕೊಳ್ಳುತ್ತ, ತಮ್ಮಷ್ಟಕ್ಕೆ ಏನೋ ಗೊಣಗಿಕೊಳ್ಳುತ್ತ ಕೂತಿವೆ ಅನ್ನಿಸಬೇಕು.

ಹಾಗೆ ಅನ್ನಿಸಬೇಕಾದವರು ಯಾರೂ ಅಲ್ಲಿರಲಿಲ್ಲ. ಅಂಗಳದಲ್ಲಿದ್ದದ್ದು ಪ್ರಣತಮ್ಮ ಒಬ್ಬರೇ. ಅವರು ಸೊಂಟ ಬಗ್ಗಿಸಿ ಕಸ ಗುಡಿಸುತ್ತಿದ್ದರು.

ಕೆಂಗಲ್ಲಪುರದಲ್ಲಿ ಆ ಕಾಲಕ್ಕೆ ಅಜ್ಜಿಯರ ಹೆಸರುಗಳೆಲ್ಲ ಪ್ರಣತಿ, ಸಾನ್ವಿ, ಸುಹಾನಾ ಎಂದೇ ಇರುತ್ತಿದ್ದವು. ಅವರು ತೊಟ್ಟಿಲಲ್ಲಿದ್ದಾಗ ಅದು ಹೊಸ ಫ್ಯಾಷನ್ನು. ಪ್ರಣತಮ್ಮ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೂ ಅವರಿಗೆ ವಿರಾಮ ಸಿಕ್ಕಿರಲಿಲ್ಲ. ಶ್ವಾಸಕೋಶದ ಕಾಯಿಲೆಯಾಗಿದ್ದ ತಂಗಿ ಧೃತಿಯನ್ನು ಮನೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ನೋಡಿಕೊಂಡರು. ಹೋದ ಮಳೆಗಾಲದಲ್ಲಿ ಧೃತಿ ತೀರಿಕೊಂಡಳು. ಅವಳು ತಿಂದ ಹಣ್ಣಿನ ಬೀಜದಿಂದ ಅವಳೇ ಎಬ್ಬಿಸಿದ ಪೇರಲ ಗಿಡ ಅಂಗಳದಲ್ಲಿ ಉಳಿಯಿತು. ಈಗ ಆ ಗಿಡಕ್ಕೂ ಕುತ್ತು ಬಂದಿತ್ತು.

ಕುತ್ತು ತಂದದ್ದು ನೀರು ಮಂಡಳಿಯ ಹೊಸ ನಿಯಮ. ಊರಿನಿಂದ ಹಕ್ಕಿಗಳು ಹೊರಟುಹೋಗಿ ಒಂದು ತಲೆಮಾರೇ ಕಳೆದಿತ್ತು. ಹಕ್ಕಿಯಿಲ್ಲದ ತೋಟದಲ್ಲಿ ಹುಳ ಹೆಚ್ಚಿತು, ಜನ ಔಷಧ ಹೊಡೆದರು, ಔಷಧ ಕೆರೆ ಸೇರಿತು, ಕೆರೆಯ ನೀರು ಕುಡಿಯಲು ಬಾರದಾಯಿತು. ಹಾಗಾಗಿ ಮಂಡಳಿ ಹಕ್ಕಿ ಕರೆಯಲು, ಬಂದದ್ದನ್ನು ಎಣಿಸಲು ಅಂಗಳಕ್ಕೊಂದು ಆಹ್ವಾನಕ ನೆಡಿಸಿ ತೀರ್ಮಾನಿಸಿತು: ಕಾಡುಹಕ್ಕಿ ಬಂದು ತಂಗುವ ತೋಟಕ್ಕೆ ಮಾತ್ರ ನೀರು. ಯುಗಾದಿಯ ಹಿಂದಿನ ಸಂಜೆಯೊಳಗೆ ಒಂದು ಹಕ್ಕಿಯೂ ತಂಗದ ಅಂಗಳದ ಕೊಳಾಯಿಯನ್ನು ಮುಚ್ಚಲಾಗುವುದು. ಕಾಲ ಎಷ್ಟು ಮುಂದೆ ಹೋದರೂ ನೋಟಿಸಿನ ಭಾಷೆ ಮಾತ್ರ ಹಳೆಯದೇ, 'ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು' ಎಂದೇ ಮುಗಿದಿತ್ತು. ಆ ಬಯಲುಸೀಮೆಯ ಬೇಸಿಗೆಯಲ್ಲಿ ನೀರು ನಿಂತರೆ ಎಳೆಯ ಪೇರಲ ಗಿಡ ಮಳೆ ಕಾಣುವ ಮೊದಲೇ ಒಣಗುವುದು ಖಚಿತವಾಗಿತ್ತು.

ಸಂಜೆ ಆಹ್ವಾನಕದ ಪರದೆಯ ಮೇಲೆ ಎಂದಿನ ಸಾಲು ಮೂಡಿತು: 'ಇಂದು ಅತಿಥಿಗಳಿಲ್ಲ.'

ಪ್ರಣತಮ್ಮ ಅದನ್ನು ಓದಿ, ಮಣ್ಣಿನ ಬೋಗುಣಿಯ ನೀರು ಚೆಲ್ಲಿ, ತಿಕ್ಕಿ, ಬೇರೆ ನೀರು ತುಂಬಿಸಿದರು. ಅವತ್ತಿಗೆ ಅದು ಮೂರನೆಯ ಸಲ. ಬಿದ್ದಿದ್ದ ನಾಲ್ಕು ಎಲೆ ಆರಿಸಿದರು. ಮೂಲೆಗೆ ಫಿನಾಯಿಲ್ ಚಿಮುಕಿಸಿದರು. ಒಳಗೆ ಹೋಗಿ ಮಲಗಿದರೂ ನಿದ್ದೆ ಬರುವುದಿಲ್ಲವೆಂದು ಗೊತ್ತಿತ್ತು. ಅವರ ಕಿವಿ ವರ್ಷಗಟ್ಟಲೆ ಪಕ್ಕದ ಕೋಣೆಯ ಕೆಮ್ಮಿಗಾಗಿ ಕಾದು ಕಾದು ಮಲಗುವುದನ್ನೇ ಮರೆತಿತ್ತು. ಈಗ ಕೆಮ್ಮಿಲ್ಲ, ಆದರೂ ಅದು ಕಾಯುತ್ತಲೇ ಇತ್ತು.

ಯಂತ್ರದಿಂದ ಒಂದು ಹಕ್ಕಿಯೂ ಬರಲಿಲ್ಲವೆಂದು ಪ್ರಣತಮ್ಮ ದೂರು ಕೊಟ್ಟ ಮೇಲೆ ಡಾಕ್ಟರ್ ರೇಯಾಂಶ ಬಣಕಾರರೇ ಬಂದರು. ಆಹ್ವಾನಕವನ್ನು ಕಂಡುಹಿಡಿದ ವಿಜ್ಞಾನಿ ಅವರು. ಕಂಡುಹಿಡಿದ ತಪ್ಪಿಗೆ ಊರಿನ ಎಲ್ಲ ಅಂಗಳಗಳನ್ನೂ ಸುತ್ತುವ ಹೊಣೆ ಅವರ ಹೆಗಲಿಗೇ ಬಿದ್ದಿತ್ತು. ನಲವತ್ತು ದಾಟಿದ, ಕಣ್ಣಿನ ಕೆಳಗೆ ಕಪ್ಪಾದ, ಮಾತಿನ ನಡುವೆ ಆಕಳಿಸಿ ಕ್ಷಮೆ ಕೇಳುವ ಮನುಷ್ಯ. ಪ್ರಣತಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ತಮ್ಮ ಯಂತ್ರದ ತತ್ತ್ವವನ್ನು ಅವರಿಗೆ ವಿವರಿಸಿದರು.

ಹಕ್ಕಿ ಬರುವುದು ಕಾಳಿಗಾಗಿ, ಹಣ್ಣಿಗಾಗಿ ಎಂದು ಎಲ್ಲರೂ ತಿಳಿದಿದ್ದರಂತೆ. ಬಣಕಾರರು ವರ್ಷಗಟ್ಟಲೆ ಕಾಡಂಚಿನಲ್ಲಿ ಕೂತು ಬೇರೆಯದನ್ನೇ ಕಂಡುಕೊಂಡಿದ್ದರು. ಹೊಸ ಜಾಗಕ್ಕೆ ಬಂದ ಹಕ್ಕಿ ಮೊದಲು ತಿನ್ನಲು ಏನಿದೆ ಎಂದು ನೋಡುವುದಿಲ್ಲ, ಇಲ್ಲಿ ಯಾರಾದರೂ ನೆಮ್ಮದಿಯಾಗಿದ್ದಾರೆಯೇ ಎಂದು ಆಲಿಸುತ್ತದೆ. ಬೆದರಿಕೆಯಿಲ್ಲದಾಗ ಜೀವಿಗಳು ಒಂದು ಬಗೆಯ ಸಣ್ಣ, ನಿಧಾನವಾದ, ಏರಿಳಿತ ಕಡಿಮೆಯ ಸದ್ದು ಮಾಡುತ್ತವೆ. ಅದಕ್ಕೆ ಅವರು 'ನೆಮ್ಮದಿಸದ್ದು' ಎಂದು ಹೆಸರಿಟ್ಟರು. ಆಹ್ವಾನಕ ಮಾಡುವುದು ಆ ಸದ್ದಿನ ನಕಲು. ಉಳಿದ ಬಡಾವಣೆಗಳಲ್ಲಿ ಅದನ್ನು ನಂಬಿ ಪಿಕಳಾರಗಳು ಬಂದಿದ್ದವು, ಮೈನಾಗಳು ಬಂದಿದ್ದವು, ಒಂದು ಕಡೆ ಗೂಬೆಯೂ ಬಂದು ಮನೆಯವರು ಶಾಂತಿ ಮಾಡಿಸಿದ್ದರು.

"ನಾನೇನ್ ಕಮ್ಮಿ ಮಾಡೀನಿ ಹೇಳ್ರಿ," ಎಂದರು ಪ್ರಣತಮ್ಮ. "ನೀರಿಟ್ಟೀನಿ, ನವಣೆ ಇಟ್ಟೀನಿ, ಮ್ಯಾಲಿನ ಕೊಂಬಿಗೆ ಕೈನೇ ಹಚ್ಚಿಲ್ಲ. ಮ್ಯಾಲಿನ ಹಣ್ಣು ಗಿಣಿಗೆ ಬಿಡ್ಬೇಕು ಅಂತ ನನ್ನ ತಂಗಿ ಹೇಳ್ತಿದ್ಲು. ಒಂದು ಗಿಣೀನೂ ಬರ್ಲಿಲ್ಲ."

ಬಣಕಾರರು ಯಂತ್ರದ ನೆನಪನ್ನು ತೆರೆದು ನೋಡಿದರು. ಹಕ್ಕಿಗಳು ಬಂದಿದ್ದವು. ಗೋಡೆಯವರೆಗೆ ಬಂದು, ಒಂದು ಗಳಿಗೆ ಕೂತು, ಹಾರಿಹೋಗಿದ್ದವು. ಪ್ರತಿ ಸಲವೂ ಅಂಗಳದಲ್ಲಿ ಪೊರಕೆಯ ಸದ್ದಿತ್ತು, ಇಲ್ಲವೇ ಬಿಂದಿಗೆಯ ಸದ್ದು, ಚಪ್ಪಲಿಯ ಸದ್ದು. ಅವರು ನೆಲ ನೋಡಿದರು. ಬಿಟ್ಟರೆ ಊಟ ಬಡಿಸಿಕೊಂಡು ಉಣ್ಣುವಷ್ಟು ಸ್ವಚ್ಛ. ಒಂದು ಇರುವೆಯಿಲ್ಲ, ಒಂದು ತರಗೆಲೆಯಿಲ್ಲ, ತರಗೆಲೆಯ ಅಡಿಯ ಹುಳುವಿಲ್ಲ. ಹಕ್ಕಿಯ ದೃಷ್ಟಿಯಲ್ಲಿ ಅದು ಉಪವಾಸದ ಮನೆ. ಇದನ್ನು ಹೇಗೆ ಹೇಳುವುದೆಂದು ತೋಚದೆ ಅವರು ನೇರವಾಗಿಯೇ ಹೇಳಿದರು.

"ಸಿಸ್ಟರ್, ಕೆಲವು ದಿನ ಕಸ ಗುಡಿಸ್ಬೇಡ್ರಿ. ಫಿನಾಯಿಲೂ ಬ್ಯಾಡ."

ಪ್ರಣತಮ್ಮನ ಮುಖ ಬಿಗಿಯಿತು. ಅಂಗಳ ಗುಡಿಸದ ಹೆಂಗಸು ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ, ಎದುರು ಮನೆಯ ಸುಹಾನಮ್ಮ ಒಂದು ದಿನ ಗುಡಿಸದಿದ್ದರೆ ಇವರೇ ವಾರವೆಲ್ಲ ಆಡಿಕೊಳ್ಳುತ್ತಿದ್ದರು. ಆದರೆ ಪ್ರಣತಮ್ಮ ಬಾಯಿಬಿಟ್ಟು ಹೇಳಿದ್ದು ಬೇರೆ. ಧೂಳು ಎದ್ದರೆ ಧೃತಿಗೆ ಉಸಿರು ಕಟ್ಟುತ್ತಿತ್ತಂತೆ. ಒಣಗಿದ ಎಲೆ ಪುಡಿಯಾದರೂ ಸಾಕು, ನೀಲಿಗಟ್ಟುತ್ತಿದ್ದಳಂತೆ. ಅದಕ್ಕೇ ನೀರು ಚಿಮುಕಿಸಿ ಗುಡಿಸುವುದು, ದಿನಕ್ಕೆ ನಾಲ್ಕು ಸಲ. ಬಣಕಾರರು ಮಜ್ಜಿಗೆಯ ಲೋಟ ನೋಡುತ್ತ ಕೂತರು. ಆ ತಂಗಿ ಈಗಿಲ್ಲವಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಅವಳಿಲ್ಲ ಅನ್ನೋದು ನನಗೂ ಗೊತ್ತೈತಪ್ಪ," ಎಂದರು ಪ್ರಣತಮ್ಮ. "ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ."

ಹೊರಡುವ ಮುನ್ನ ಬಣಕಾರರು ಯಂತ್ರದ ಸದ್ದನ್ನು ಬದಲಿಸಿದರು. ಹಗಲಿನ ಗೊಣಗಾಟದ ಬದಲು, ಹಕ್ಕಿಗಳು ಸಂಜೆ ಕೊಂಬೆ ಸೇರಿ ಒಂದಕ್ಕೊಂದು ಒತ್ತಿಕೊಂಡು ಕೂರುವ ಹೊತ್ತಿನ ಸದ್ದನ್ನು ಇಡೀ ಮಧ್ಯಾಹ್ನ ಬರುವಂತೆ ಇಟ್ಟರು. ಬೆದರಿದ ಹಕ್ಕಿಗಳಿಗೆ ಇದೇ ಕೊನೆಯ ಮದ್ದು ಎಂದರು. ಅದರಲ್ಲಿ ಅವರಿಗೇ ಹೆಚ್ಚು ನಂಬಿಕೆಯಿದ್ದಂತೆ ಕಾಣಲಿಲ್ಲ.

ಪ್ರಣತಮ್ಮ ಪೊರಕೆಯನ್ನು ಸುಹಾನಮ್ಮನ ಮನೆಯಲ್ಲಿಟ್ಟು ಬಂದರು. ಇಟ್ಟು ಬಂದು, ಮಾಡಲು ಕೆಲಸವಿಲ್ಲದೆ ಅಂಗಳದಲ್ಲಿ ಶತಪಥ ಹಾಕಿದರು. ಪಕ್ಕದ ಕಾಂಪೌಂಡಿನ ಕಾಡುಬಾದಾಮಿ ಮರ ಎಲೆ ಉದುರಿಸುವ ಕಾಲ ಅದು. ಕೆಂಪಗಿನ, ಮೊರದಗಲದ ಎಲೆಗಳು ಒಂದೊಂದಾಗಿ ಗೋಡೆ ದಾಟಿ ಬಂದು ಬಿದ್ದವು. ಪ್ರತಿಯೊಂದು ಬಿದ್ದಾಗಲೂ ಅವರ ಕೈ ಕೆರೆಯಿತು. ಕೊನೆಗೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಪೇರಲ ಗಿಡದ ಕೆಳಗೆ ಕೂತರು.

ಯಂತ್ರ ಮೆಲ್ಲಗೆ ಗುನುಗುತ್ತಿತ್ತು. ಇಲ್ಲಿ ಎಲ್ಲರೂ ಬಂದು ಸೇರಿದ್ದಾರೆ, ಇನ್ನು ಯಾರೂ ಬರಬೇಕಾದವರಿಲ್ಲ ಎನ್ನುವಂತಹ ಸದ್ದು. ಪ್ರಣತಮ್ಮ ಅದನ್ನು ಕೇಳುತ್ತ ಗೋಡೆಗೆ ತಲೆ ಆನಿಸಿದರು. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಮಡಿಲಲ್ಲಿ ಎರಡು ಎಲೆಗಳಿದ್ದವು. ಎಚ್ಚರವಾದ ಕೂಡಲೇ ಅವರಿಗೆ ಭಯವಾಯಿತು, ಯಾರಿಗೋ ಮಾತ್ರೆ ಕೊಡುವುದು ತಪ್ಪಿಹೋಯಿತೆಂದು. ಆಮೇಲೆ ನೆನಪಾಗಿ, ಅಲ್ಲೇ ಕೂತು ಅತ್ತರು. ಎಷ್ಟೋ ತಿಂಗಳಿಂದ ಬಾರದ ಅಳು ಅದು.

ಮರುದಿನ ಚಾಪೆ ತಂದು ಹಾಸಿದರು. ಅದರ ಮರುದಿನ ದಿಂಬನ್ನೂ ತಂದರು. ಹಗಲು ಹೊತ್ತು ಮಲಗುವುದು ದರಿದ್ರ ಎಂದು ರೋಗಿಗಳ ಮನೆಯವರನ್ನೇ ಗದರಿಸುತ್ತಿದ್ದ ನರ್ಸಮ್ಮ ಅವರು. ಈಗ ನಾಚಿಕೆಯೆನ್ನಿಸಿದರೂ ಮೈ ಕೇಳಲಿಲ್ಲ. ವರ್ಷಗಳ ನಿದ್ದೆ ಒಟ್ಟಿಗೇ ಮುತ್ತಿಕೊಂಡಿತ್ತು. ಎದ್ದು ಒಂದಿಷ್ಟು ಅನ್ನ ಬೇಯಿಸಿ ಉಣ್ಣುವುದು, ಗಿಡಕ್ಕೆ ನೀರು ಹಾಕುವುದು, ಮತ್ತೆ ಬಂದು ಮಲಗುವುದು. ಪರದೆಯತ್ತ ನೋಡುವುದನ್ನೂ ಬಿಟ್ಟರು. ನೋಡಿದ್ದರೆ, ಕೆಲವು ದಿನಗಳಲ್ಲೇ ಅದು ಕಪ್ಪಾಗಿದ್ದದ್ದು ತಿಳಿಯುತ್ತಿತ್ತು.

ಯುಗಾದಿಯ ಹಿಂದಿನ ಮಧ್ಯಾಹ್ನ ಬಣಕಾರರು ಕೊಳಾಯಿ ಮುಚ್ಚುವ ಚಾವಿಯೊಂದಿಗೆ ಬಂದರು. ಆ ಮನೆಯ ಆಹ್ವಾನಕದಿಂದ ಬಹಳ ದಿನದಿಂದ ಸುದ್ದಿ ಬಂದಿರಲಿಲ್ಲ. ಸಿಟ್ಟಿನಲ್ಲಿ ಯಂತ್ರ ಒಡೆದವರು ಊರಲ್ಲಿ ಹಲವರಿದ್ದರು, ಇವರೂ ಹಾಗೇ ಮಾಡಿರಬಹುದು ಎಂದುಕೊಂಡಿದ್ದರು. ಗೇಟಿನ ಬಳಿ ಬಂದವರು ಅಲ್ಲೇ ನಿಂತರು.

ಒಳಗೆ ಗಲಾಟೆಯೋ ಗಲಾಟೆ. ಅಂಗಳದ ತುಂಬ ಹರಡಿದ್ದ ತರಗೆಲೆಯನ್ನು ಮಣ್ಣುಬಣ್ಣದ ಏಳು ಹಕ್ಕಿಗಳು ಕಾಲಿನಿಂದ, ಕೊಕ್ಕಿನಿಂದ ಎತ್ತಿ ಎತ್ತಿ ಒಗೆಯುತ್ತ, ಅಡಿಯಲ್ಲಿದ್ದ ಹುಳುಗಳನ್ನು ಹೆಕ್ಕುತ್ತ, ಒಂದರ ಮೇಲೊಂದು ಜಗಳಕ್ಕೆ ಬಿದ್ದಂತೆ ಕಿರುಚಾಡುತ್ತಿದ್ದವು. ಹರಟೆಮಲ್ಲಗಳು. ತಮ್ಮ ಜೀವಮಾನದಲ್ಲಿ ಊರೊಳಗೆ ಆ ಹಕ್ಕಿಯನ್ನು ಅವರು ಕಂಡಿರಲಿಲ್ಲ. ಆ ಗದ್ದಲದ ನಡುವೆ, ಹಕ್ಕಿಗಳಿಂದ ಒಂದು ಮೊಳ ದೂರದಲ್ಲಿ, ಪಕ್ಕದ ಕೋಣೆಯ ಕೆಮ್ಮಿಗೆ ಎದ್ದು ಕೂರುತ್ತಿದ್ದ ಹೆಂಗಸು ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದರು.

ಆಹ್ವಾನಕದ ನೆತ್ತಿಯ ಮೇಲೆ ಬಾದಾಮಿ ಎಲೆಗಳು ಟೋಪಿಯಂತೆ ಕೂತಿದ್ದವು. ಸೌರಫಲಕ ಪೂರ್ತಿ ಮುಚ್ಚಿಹೋಗಿ ಯಂತ್ರ ಎಂದೋ ಸತ್ತಿತ್ತು. ಹಕ್ಕಿಗಳನ್ನು ಕರೆದದ್ದು ಅದಲ್ಲ. ಬಣಕಾರರು ಆ ಗೊರಕೆಯನ್ನು ಆಲಿಸಿದರು: ಸಣ್ಣದು, ನಿಧಾನವಾದದ್ದು, ಏರಿಳಿತ ಕಡಿಮೆಯದು. ಅವರ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು. ನೆಮ್ಮದಿಯಾಗಿರುವವರು ಹಕ್ಕಿಯೇ ಆಗಿರಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ, ಅದು ಅವರದೇ ಊಹೆ.

ಆದರೆ ಯಂತ್ರ ಕಂಡದ್ದಕ್ಕೆ ಮಾತ್ರ ಬೆಲೆ. ನಿಯಮ ಬಂದ ಹೊಸತರಲ್ಲಿ ಕೆಲವರು ಬಾರದ ಹಕ್ಕಿಯನ್ನು ಬಂದಿದೆಯೆಂದು ಹೇಳಿಕೊಂಡು ನೀರು ಪಡೆದಿದ್ದರಿಂದ, ಮನುಷ್ಯರ ಸಾಕ್ಷಿ ಒಪ್ಪಲಾಗದು ಎಂಬ ನಿಯಮವನ್ನು ಬಣಕಾರರೇ ಬರೆಸಿದ್ದರು. ತಮ್ಮ ಸಾಕ್ಷಿಯೂ ಅದರಲ್ಲಿ ಸೇರುತ್ತದೆಂದು ಬರೆಸುವಾಗ ಹೊಳೆದಿರಲಿಲ್ಲ. ಅವರು ತುದಿಗಾಲಲ್ಲಿ ಒಳಹೋಗಿ ಫಲಕದ ಮೇಲಿನ ಎಲೆ ಸರಿಸಿದರು. ಹರಟೆಮಲ್ಲಗಳು ಬೈಯುತ್ತ ಹಾರಿ ಬಾದಾಮಿ ಮರ ಸೇರಿದವು. ಗದ್ದಲ ನಿಂತದ್ದಕ್ಕೆ ಪ್ರಣತಮ್ಮನಿಗೆ ಎಚ್ಚರವಾಯಿತು.

ಬಣಕಾರರು ತೊದಲುತ್ತ ಎಲ್ಲ ಹೇಳಿದರು. ಯಂತ್ರಕ್ಕೆ ಜೀವ ಬಂತು, ಬಿಸಿಲು ಇನ್ನೂ ಇತ್ತು. ಆದರೆ ಹಕ್ಕಿಗಳು ಇಳಿಯಲಿಲ್ಲ. ಬಣಕಾರರು ಎದ್ದು ಪರದೆ ನೋಡುವರು, ಮರ ನೋಡುವರು, ಕೂತಲ್ಲಿ ಕಾಲು ಅಲ್ಲಾಡಿಸುವರು, ಸೂರ್ಯನನ್ನು ನೋಡುವರು. ನನ್ನಿಂದಲೇ ಹೀಗಾಯಿತು ಎಂದು ಮತ್ತೆ ಮತ್ತೆ ಹೇಳಿಕೊಂಡರು. ಪ್ರಣತಮ್ಮ ಅವರನ್ನು ಸ್ವಲ್ಪ ಹೊತ್ತು ಗಮನಿಸಿದರು. ಇಂತಹ ಕಣ್ಣುಗಳನ್ನು ಅವರು ವಾರ್ಡಿನ ಹೊರಗೆ ಕಾದು ಕೂತವರಲ್ಲಿ ಬಹಳ ನೋಡಿದ್ದರು.

"ಎಷ್ಟು ದಿನ ಆತು ನೀನು ನಿದ್ದೆ ಮಾಡಿ?" ಎಂದು ಕೇಳಿದರು. ಅಷ್ಟು ಹೊತ್ತಿನ 'ರೀ' ಬಿಟ್ಟುಹೋಗಿತ್ತು.

ಬಣಕಾರರು ಬೆರಳು ಮಡಿಸಿ ಎಣಿಸತೊಡಗಿ, ನಡುವೆ ಲೆಕ್ಕ ತಪ್ಪಿದರು.

"ಮಲಕ್ಕೋ," ಎಂದು ಪ್ರಣತಮ್ಮ ಚಾಪೆಯಿಂದ ಎದ್ದು ದಿಂಬು ತಟ್ಟಿದರು. "ನಾನು ಎಚ್ಚರ ಇರ್ತೀನಿ."

ಎದುರು ಮಾತಾಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಐದು ನಿಮಿಷ ಎಂದು ಹೇಳಿ ಒರಗಿದವರು, ಆ ಮಾತು ಮುಗಿಯುವ ಮೊದಲೇ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಕೊಳಾಯಿಯ ಚಾವಿ ಕೈಯಿಂದ ಜಾರಿ ಎಲೆಗಳ ಮೇಲೆ ಬಿತ್ತು.

ಪ್ರಣತಮ್ಮ ಗೋಡೆಗೆ ಒರಗಿ ಕೂತರು. ಒಂದು ಎಲೆ ಬಂದು ಬಣಕಾರರ ಎದೆಯ ಮೇಲೆ ಇಳಿಯಿತು. ಅದನ್ನು ತೆಗೆಯಲು ಹೋದ ಕೈ ಅರ್ಧದಲ್ಲೇ ನಿಂತು, ಮಡಿಲಿಗೆ ಮರಳಿತು. ಧೃತಿಯ ಪಕ್ಕ ಕೂತಿದ್ದ ದಿನಗಳಲ್ಲೂ ಆ ಕೈ ಸುಮ್ಮನಿದ್ದದ್ದಿಲ್ಲ. ಹೊದಿಕೆ ಸರಿಪಡಿಸುತ್ತಿತ್ತು, ಹಣೆ ಮುಟ್ಟುತ್ತಿತ್ತು, ಇಲ್ಲದ ಧೂಳು ಒರೆಸುತ್ತಿತ್ತು. ಸುಮ್ಮನೆ ಕೂತು ಅವಳನ್ನು ನೋಡಲೇ ಇಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು. ಸಂಕಟವಾದರೂ ಕೈ ಅಲ್ಲಾಡಲಿಲ್ಲ.

ಮೊದಲು ಒಂದು ಹರಟೆಮಲ್ಲ ಗೋಡೆಗೆ ಇಳಿಯಿತು. ತಲೆ ಓರೆ ಮಾಡಿ ವಿಜ್ಞಾನಿಯ ಗೊರಕೆ ಕೇಳಿತು. ಆಮೇಲೆ ಉಳಿದವೂ ಬಂದವು. ಎಲೆಗಳು ಹಾರತೊಡಗಿದವು, ಜಗಳ ಬಿಟ್ಟಲ್ಲಿಂದ ಮುಂದುವರಿಯಿತು. ಒಂದು ಹಕ್ಕಿ ಪ್ರಣತಮ್ಮನ ಪಾದದ ಬಳಿಯ ಎಲೆಯನ್ನೇ ಎತ್ತಿ ಒಗೆಯಿತು. ಅವರು ಉಸಿರಾಡಿದರು, ಅಷ್ಟೇ.

ಹೊತ್ತು ಮುಳುಗುವ ಮುನ್ನ ಪರದೆಯ ಮೇಲೆ ಬೆಳಕು ಮೂಡಿತು. ತಮ್ಮ ಯಂತ್ರ ಗೆದ್ದ ಗಳಿಗೆಯನ್ನು ನೋಡಲು ಬಣಕಾರರು ಎಚ್ಚರವಿರಲಿಲ್ಲ, ಅವರನ್ನು ಎಬ್ಬಿಸುವ ಯೋಚನೆ ಪ್ರಣತಮ್ಮನಿಗೂ ಬರಲಿಲ್ಲ. ಕೂತಲ್ಲಿಂದಲೇ ಕಣ್ಣು ಕಿರಿದು ಮಾಡಿ ಓದಿದರು: 'ಅತಿಥಿಗಳು: ಹರಟೆಮಲ್ಲ, ಏಳು. ನೀರು ಮುಂದುವರಿಯಲಿದೆ.' ಅದರ ಕೆಳಗೆ ಇನ್ನೊಂದು ಸಾಲಿತ್ತು. ಅಲುಗಾಟ ಕಂಡರಷ್ಟೇ ಮನುಷ್ಯರೆಂದು ಗುರುತಿಸುವ ಯಂತ್ರ ಅದು. ತನಗೆ ತಿಳಿದಷ್ಟನ್ನು ಪ್ರಾಮಾಣಿಕವಾಗಿ ಬರೆದಿತ್ತು: 'ಅಂಗಳದಲ್ಲಿ ಮನುಷ್ಯರಿಲ್ಲ.'

"ಇದೀವಪ್ಪ," ಎಂದರು ಪ್ರಣತಮ್ಮ, ಹಕ್ಕಿಗಳಿಗೆ ತೊಂದರೆಯಾಗದಷ್ಟು ಮೆಲ್ಲಗೆ.