ಅರ್ಧ ನೋಟು

ಆ ಭಾನುವಾರ ಸೇಡಂನಿಂದ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು. ಬಾಗಿಲು ಬಡಿದಾಗ ಹಸಿರು ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ನೀರಿನ ತಂಬಿಗೆ ಹಿಡಿದು ನಾನೇ ಹೋದೆ. ಹೊಸ್ತಿಲಾಚೆ ಒಬ್ಬನೇ ನಿಂತಿದ್ದ. ಬಿಳಿ ಅಂಗಿ, ಕಾಲರಿಗೆ ರೈಲಿನ ಮಸಿ. ನನ್ನನ್ನು ನೋಡಿ ಕಣ್ಣು ಕೆಳಗಿಳಿಸಿದ, ಮತ್ತೊಮ್ಮೆ ನೋಡಿದ.

"ಬರ್ರಿ, ಕುಂದ್ರಿ" ಎಂದೆ. ತಂಬಿಗೆ ಮುಂದೆ ಚಾಚಿದೆ.

"ನಿಮ್ಮ ಮನ್ಯಾಗ ಇಂಗ್ಲಿಷರ ಕಾಲದ ನೋಟು ಅದಾವಂತ ಕೇಳಿ ಬಂದೀನ್ರಿ" ಎಂದ.

ಒಳಗಿನಿಂದ ನನ್ನ ಅಜ್ಜಿ, ಆಯಿ, ನಕ್ಕಳು. "ಲಲಿತಾ, ತಂಬಗಿ ಇಡವ್ವಾ. ಇವ್ರು ನಿನ್ನ ನೋಡಾಕ ಬಂದವ್ರಲ್ಲ."

ನಿಜವಾದ ಗಂಡಿನವರು ಸಂಜೆ ಬಂದು, ಹೇಳಿಕಳಿಸುತ್ತೇವೆ ಎಂದು ಹೋದರು. ಆ ಹುಡುಗನ ಮುಖ ನನಗೆ ನೆನಪೇ ಉಳಿಯಲಿಲ್ಲ.

ಬೆಳಗ್ಗೆ ಬಂದವನ ಹೆಸರು ರೇವಣಸಿದ್ದಯ್ಯ. ವಾಡಿ ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ಹಿಂದೆ ನಿಜಾಮರ ಸೀಮೆಯಿಂದ ಮುಂಬೈ ರೈಲು ಹತ್ತುವವರು ವಾಡಿಯಲ್ಲಿ ನಿಜಾಮರ ಹಾಲಿ ರೂಪಾಯಿ ಕೊಟ್ಟು ಇಂಗ್ಲಿಷರ ಕಲ್ದಾರ ರೂಪಾಯಿ ಪಡೆಯುತ್ತಿದ್ದರಂತೆ. ಸ್ಟೇಷನ್ ಎದುರಿಗೆ ನನ್ನ ಮುತ್ಯಾ, ಆಯಿಯ ಗಂಡ, ಹಾಗೆ ಹಣ ಬದಲಿಸಿಕೊಡುವ ಸರಾಫಿ ಅಂಗಡಿ ಇಟ್ಟಿದ್ದ. ಆ ಕಾಲದ ಕೆಲವು ನೋಟುಗಳು ಆಯಿಯ ಎಲೆಅಡಿಕೆಯ ಡಬ್ಬಿಯ ತಳದಲ್ಲಿ ಉಳಿದಿದ್ದವು.

ಅವುಗಳಿಗಾಗಿ ಅವನು ಭಾನುವಾರಗಳಲ್ಲಿ ನಮ್ಮ ಚಿತ್ತಾಪುರಕ್ಕೆ ಬರತೊಡಗಿದ. ಅವುಗಳಿಗಾಗಿ ಮಾತ್ರ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಡಬ್ಬಿಯ ಸುಣ್ಣ ತಾಗದ ಹಾಗೆ ನೋಟಿನ ಅಂಚನ್ನಷ್ಟೇ ಹಿಡಿದು ಕಿಟಕಿಯ ಬಿಸಿಲಿಗೆ ಒಡ್ಡುತ್ತಿದ್ದ. ಕಾಗದದೊಳಗಿಂದ ರಾಜನ ಮುಖ ಮೆಲ್ಲಗೆ ಏಳುತ್ತಿತ್ತು. ನಾನು ರಾಜನನ್ನು ನೋಡುತ್ತಿರಲಿಲ್ಲ.

"ಬಜಾರದಾಗ ಇದಕ್ಕ ಒಂದು ಬಾಳೆಹಣ್ಣು ಬರೂದಿಲ್ಲ. ಏನು ಸುಖ ಅದ ಇದರಾಗ?" ಎಂದು ಒಮ್ಮೆ ಕೇಳಿದೆ.

"ಖರ್ಚಾಗೂ ಕಾಲ ಮುಗದದ ನೋಡ್ರಿ. ಈಗ ಸುಮ್ಮ ನೋಡಿಕೋತ ಕುಂದ್ರಬಹುದು." ಹಾಗೆನ್ನುವಾಗ ಅವನ ಕಣ್ಣು ನೋಟಿನ ಮೇಲಿರಲಿಲ್ಲ. ತಟ್ಟನೆ ಇಳಿಸಿಕೊಂಡ. "ಈ ಮಡಿಕಿ ನೋಡ್ರಿ. ಯಾರೋ ಸೆರಗಿನ ಗಂಟಿನ್ಯಾಗ ಇಟ್ಟಿದ್ರು. ಈ ತೂತು ಬ್ಯಾಂಕಿನವ್ರು ಪಿನ್ ಚುಚ್ಚಿದ್ದು. ರಾಜ ಹೋದ, ಇವರ ಕೈ ಇನ್ನೂ ಇದರಾಗ ಅದಾವ."

ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಬದಿಗೆ ಅಚ್ಚಾದ ಹತ್ತು ರೂಪಾಯಿಯ ನೋಟು. ನಟ್ಟನಡುವೆ ಎರಡು ತುಂಡಾಗಿ, ಹಿಂದೆ ಕಾಗದದ ಪಟ್ಟಿ ಅಂಟಿಸಿಕೊಂಡಿತ್ತು.

"ಪಾಪ, ಹರದದ" ಎಂದೆ.

"ಹರದಿಲ್ರಿ, ಬೇಕಂತ ಕತ್ತರಿಸ್ಯಾರ. ಟಪಾಲಿನ್ಯಾಗ ಕಳವು ಆಗ್ತಿತ್ತು. ಅದಕ್ಕ ಮೊದಲ ಒಂದು ತುಂಡು ಕಳಸೂದು. ಮುಟ್ಟಿತು ಅಂತ ಆ ಕಡಿಂದ ಕಾರ್ಡು ಬಂದ ಮ್ಯಾಲೆ ಇನ್ನೊಂದು. ಎರಡೂ ತುಂಡಿನ ಮ್ಯಾಲೆ ಒಂದ ನಂಬರು."

"ಮುಟ್ಟಿತು ಅಂತ ಬರಲಿಲ್ಲಂದ್ರ?"

"ಎರಡೂ ಕಡಿ ಬರೇ ಕಾಗದ" ಎಂದ.

ಆಯಿ ಆ ನೋಟನ್ನು ಅವನಿಗೇ ಕೊಟ್ಟುಬಿಟ್ಟಳು. ಮುಂದೊಂದು ಭಾನುವಾರ ಬಂದವನು ಡಬ್ಬಿ ಕೇಳಲಿಲ್ಲ. "ಮುಂಬೈ ಕಡಿ, ದೌಂಡಕ್ಕ ಬದ್ಲಿ ಆಗ್ಯಾದ್ರಿ ಆಯಿ" ಎಂದ, ನನ್ನ ಕಡೆ ನೋಡುತ್ತ. ಕಾಲೇಜು ಕಲಿತ ನನಗೆ ಸಿಕ್ಕ ಮಾತು ಒಂದೇ: "ಛಲೋ ಆಯ್ತು."

ಅವನು ಹೋದ ಮೇಲೆ ಚಿತ್ತಾಪುರದ ಎಲ್ಲ ಭಾನುವಾರಗಳೂ ಉದ್ದವಾದವು. ವಾಡಿಯ ಗಾಡಿ ಕೂಗಿದಾಗ ಕೈಯಲ್ಲಿನ ಕೆಲಸ ತಾನಾಗಿ ನಿಲ್ಲುತ್ತಿತ್ತು. ನಾನು ಬಾಗಿಲ ಕಡೆ ನೋಡದಿರಲು ಬಹಳ ಪ್ರಯತ್ನಪಡುತ್ತಿದ್ದೆ. ಆಯಿ ಅದನ್ನೂ ನೋಡುತ್ತಿದ್ದಳು.

ಒಂದು ದಿನ ನನ್ನ ಹೆಸರಿಗೆ ಲಕೋಟೆ ಬಂತು. ಒಳಗೆ ಒಂದಕ್ಷರವೂ ಇಲ್ಲ. ಹತ್ತು ರೂಪಾಯಿಯ ಅರ್ಧ ನೋಟು ಮಾತ್ರ. ಹಿಂದಿನ ಪಟ್ಟಿಯನ್ನು ನೆನೆಸಿ, ಎಳೆಯೂ ಹರಿಯದಂತೆ ಬಿಡಿಸಿದ್ದ. ಜೋಡಿಯನ್ನು ತಾನೇ ಒಡೆದಿದ್ದ, ಹಳೆಯ ಕಾಗದದ ಮಡಿಕೆಗೂ ನೋಯದಂತೆ ಮುಟ್ಟುತ್ತಿದ್ದವನು.

ಅದೇ ವಾರ ಅಪ್ಪ ಊಟಕ್ಕೆ ಕುಳಿತು ಹೇಳಿದರು: "ಸೇಡಂದವ್ರು ಕಡೀಕ ಹೂಂ ಅಂದಾರ. ನಿನ್ನ ಮಾತೇನವ್ವಾ?"

"ಸ್ವಲ್ಪ ತಡೀರಿ ಅಪ್ಪಾ."

ಅರ್ಧ ನೋಟಿನ ಅರ್ಥ ನಾನೇ ತಪ್ಪು ತಿಳಿದಿದ್ದರೆ? ಮೊದಲ ದಿನ ತಂಬಿಗೆ ಹಿಡಿದು ಹೋದ ಹಾಗೆಯೇ ಆದರೆ? ಅಂಚೆ ಕಾರ್ಡಿನ ಮೇಲೆ ಬರೆದದ್ದನ್ನು ಊರೆಲ್ಲ ಓದುತ್ತದೆ. ಕೊನೆಗೆ ದೌಂಡದ ಬುಕಿಂಗ್ ಆಫೀಸಿನ ವಿಳಾಸ ಹಾಕಿ ಒಂದೇ ಮಾತು ಬರೆದೆ: ಮುಟ್ಟಿತು. ಸ್ಟೇಷನ್ನಿಗೆ ನಡೆದು ಹೋಗಿ ರೈಲಿನ ಟಪಾಲು ಬೋಗಿಯ ಪೆಟ್ಟಿಗೆಯಲ್ಲೇ ಹಾಕಿ ಬಂದೆ.

ಆಮೇಲೆ ಕಾಯುವುದು. ಟಪಾಲಿನ ಚಾಂದ್ ಸೈಕಲ್ ಇಳಿಯದೆ "ಏನಿಲ್ರಿ ಬಾಯಿ" ಎಂದು ಹೋಗುತ್ತಿದ್ದ. ನನ್ನ ಅರ್ಧ ಬರೇ ಕಾಗದವಾಗುತ್ತಿದೆ ಎನಿಸಿತು. ಅಪ್ಪ ಮತ್ತೊಮ್ಮೆ ಕೇಳಿದರು. ನಾನು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಭಾನುವಾರ ಬಾಗಿಲು ಬಡಿಯಿತು. ಕೈಯಲ್ಲಿ ಜೋಳದ ಹಿಟ್ಟು, ಮೈಮೇಲೆ ಮಾಸಿದ ಸೀರೆ. ತೆರೆದೆ. ಅವನೇ, ಕಾಲರಿಗೆ ಮಸಿ.

"ಎರಡನೇದು ಟಪಾಲಿಗೆ ಹಾಕಾಕ ಧೈರ್ಯ ಆಗಲಿಲ್ರಿ" ಎಂದ.

ಒಳಗಿನಿಂದ ಆಯಿ ಕೂಗಿದಳು: "ಯಾರವ್ವಾ? ನೋಟು ನೋಡಾಕ ಬಂದವ್ರೇನು?"

"ಅಲ್ರಿ ಆಯಿ, ಈ ಸಲ ಹೆಣ್ಣು ಕೇಳಾಕ. ಅಪ್ಪಾವ್ರು ಅದಾರೇನ್ರಿ?"

ಜೇಬಿನಿಂದ ಅರ್ಧ ನೋಟು ತೆಗೆದು, ಅಂಚನ್ನಷ್ಟೇ ಹಿಡಿದು ನನ್ನತ್ತ ಚಾಚಿದ. ನಾನು ಹಿಟ್ಟಿನ ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವನ ಮುಖ ಬಿಳಿಚಿತು.

"ಅದು ನಿಮ್ಮ ಹತ್ರನ ಇರಲಿ" ಎಂದೆ. "ನನ್ನ ತುಂಡು ನಾನ ತಗೊಂಡು ಬರ್ತೀನಿ, ದೌಂಡಕ್ಕ."