ಇನ್ನಾಸಪ್ಪ ಹಾಕಿದ ನೀರು

ಸಂತ ಫ್ರಾನ್ಸಿಸ್ ಸವೇರಿ ಹುಟ್ಟಿದ್ದು ಕೊಪ್ಪಳ ಟೇಶನ್ನಿನಲ್ಲಿ. ನಗಬೇಡಿ. ನಮಗೆ ಹಾಗೆಂದು ಹೇಳಿಕೊಟ್ಟವನು ಉಪದೇಶಿ ಇನ್ನಾಸಪ್ಪ.

ಅದು 1931ರ ಡಿಸೆಂಬರ್. ಗೋವೆಯಲ್ಲಿ ಆ ಸಂತನ ದೇಹವನ್ನು ಜನರ ದರ್ಶನಕ್ಕೆ ಇಟ್ಟಿದ್ದರು. ನಮ್ಮ ಕಡೆಯಿಂದ ಹದಿನಾಲ್ಕು ಮಂದಿ ಕ್ರೈಸ್ತರು ಯಾತ್ರೆ ಹೊರಟರು. ಪಾದ್ರಿಗಳಿಗೆ ಮೊಣಕಾಲು ನೋವು. ಹೀಗಾಗಿ ಎಲ್ಲರನ್ನೂ ಕರೆದೊಯ್ಯುವ ಹೊಣೆ ಇನ್ನಾಸಪ್ಪನ ತಲೆಗೆ ಬಂತು. ಕುಷ್ಟಗಿ, ಯಲಬುರ್ಗಿ ಕಡೆಯ ನಾಲ್ಕು ಹಳ್ಳಿ ತಿರುಗಿ ಜಪ, ಕಟ್ಟಳೆ ಕಲಿಸುವುದು ಅವನ ಕೆಲಸ.

ಗುಂಪಿನಲ್ಲಿ ಓದು ಬಂದವರು ಇಬ್ಬರೋ ಮೂವರೋ. ಸಂತನ ಜೀವನ ನೆನಪಿನಲ್ಲಿ ಉಳಿಯಲೆಂದು ಅವನು ಅದನ್ನು ಟೇಶನ್ನುಗಳಿಗೆ ಹಂಚಿಬಿಟ್ಟಿದ್ದ. ಕೊಪ್ಪಳದಲ್ಲಿ ಹುಟ್ಟು, ಗದಗಿನಲ್ಲಿ ಪ್ಯಾರಿಸ್ಸಿನ ಓದು, ಹುಬ್ಬಳ್ಳಿಯಲ್ಲಿ ಗೋವೆಗೆ ಬಂದ ಹಡಗು. ಗಾಡಿ ನಿಂತ ಕೂಡಲೇ ಕೈಗಂಟೆ ಬಾರಿಸಿ, "ಈಗ ಸಂತ ಎಲ್ಲಿ ಅದಾನ?" ಎಂದು ಕೇಳುತ್ತಿದ್ದ. ಎಲ್ಲರೂ ಸಾಲಿ ಹುಡುಗರ ಹಾಗೆ ಕೂಗುತ್ತಿದ್ದರು.

ಆ ಗುಂಪಿಗೆ ನಾನು ಹದಿನೈದನೆಯವಳು, ಅಡುಗೆಯವಳು. ಆಗಿನ್ನೂ ಕ್ರೈಸ್ತಳಲ್ಲ. ಬೇವೂರಿನ ಒಕ್ಕಲುತನದ ಮನೆಯ ಶೇಖರಮ್ಮ. ಹದಿನಾಲ್ಕಕ್ಕೇ ಗಂಡ ತೀರಿಕೊಂಡಿದ್ದ. ಅಣ್ಣನ ಮನೆಯಲ್ಲಿ ಅತ್ತಿಗೆಯ ಬೈಗುಳ ತಿಂದು ಸಾಕಾಗಿ, ಕೊಪ್ಪಳದಲ್ಲಿ ಪಾದ್ರಿಗಳ ಬೋರ್ಡಿಂಗಿಗೆ ರೊಟ್ಟಿ ಬಡಿಯಲು ಸೇರಿದ್ದೆ. ಆ ಹೊತ್ತಿಗೆ ನನಗೆ ಇಪ್ಪತ್ತೆರಡು.

ಗದಗಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಉಪದೇಶಿಯವರ, ಕೊಪ್ಪಳದಾಗ ಹುಟ್ಟಿದ ಕೂಸು ಗದಗ ಮುಟ್ಟೂದ್ರಾಗ ಕಾಲೇಜಿಗೆ ಹೋತೇನ್ರಿ? ಏನ್ ತಿನಿಸಿದ್ರಿ ಅದಕ್ಕ?"

ಡಬ್ಬಿಯೆಲ್ಲ ನಕ್ಕಿತು. ಇನ್ನಾಸಪ್ಪನ ಕಿವಿ ಕೆಂಪಾಯಿತು. ಆದರೆ ಸೋಲುವ ಆಸಾಮಿ ಅಲ್ಲ.

"ನಿಮ್ಮ ರೊಟ್ಟಿ ತಿಂದಿದ್ರ ಇಷ್ಟೊತ್ತಿಗೆ ಹಲ್ಲೆಲ್ಲಾ ಉದುರಿ ಮುದುಕನ ಆಗಿರ್ತಿತ್ತು ಬಿಡ್ರಿ."

ನಾನು ಸೆರಗು ಬಾಯಿಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದೆ. ಸಿಟ್ಟು ಬಂದವಳ ಹಾಗೆ ಕೂತೆ, ಸಿಟ್ಟು ಬಂದಿರಲಿಲ್ಲ. ಅಲ್ಲಿಂದ ಮುಂದೆ ಅವನು ಗಂಟೆ ಬಾರಿಸಿದಾಗೆಲ್ಲ ಮೊದಲು ನನ್ನ ಮುಖ ನೋಡುತ್ತಿದ್ದ. ನಕ್ಕೆನೋ ಇಲ್ಲವೋ ಎಂದು ನೋಡಿ, ಆಮೇಲೆ ಸಂತನ ಸುದ್ದಿ.

ದಾರಿಯಲ್ಲಿ ಇನ್ನೊಂದು ಪಾಠವನ್ನೂ ಮಾಡಿದ. ಸಾಯುವವರಿಗೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತರಾಗಿಸಲು ಪಾದ್ರಿಯೇ ಬೇಕೆಂದಿಲ್ಲ. ತಲೆಗೆ ಮೂರು ಸಲ ನೀರು ಹಾಕಿ ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿದರೆ ಯಾರು ಕೊಟ್ಟರೂ ನಡೆಯುತ್ತದೆ. ಮುದುಕಿ ಹಂಪವ್ವ ಪ್ರತಿ ಸಲವೂ ನಾಲ್ಕನೆಯದಾಗಿ ಸವೇರಿಯಪ್ಪನನ್ನೂ ಸೇರಿಸುತ್ತಿದ್ದಳು.

"ಎವ್ವಾ, ಮೂರ ಹೆಸರು!"

"ಅವನ ದರ್ಶನಕ್ಕ ಹೊಂಟು ಅವನ್ನ ಬಿಟ್ರ ಹ್ಯಾಂಗೋ ನನ್ನಪ್ಪ?"

ಗೋವೆಯಲ್ಲಿ ಇನ್ನಾಸಪ್ಪ ಬೇರೆಯೇ ಮನುಷ್ಯನಾದ. ಸಂತ ಗಂಟೆ ಬಾರಿಸುತ್ತ ಮಕ್ಕಳನ್ನು ಕರೆದ ಓಣಿಗಳನ್ನು ತೋರಿಸಿದ. ರೋಗಿಗಳ ಮಗ್ಗುಲಲ್ಲೇ ನೆಲಕ್ಕೆ ಮಲಗುತ್ತಿದ್ದನಂತೆ, ಆ ಜಾಗ ಇಲ್ಲೇ ಎಲ್ಲೋ ಎಂದ. ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನು ಆವತ್ತು ಚೇಷ್ಟೆ ಮಾಡಲಿಲ್ಲ.

ದರ್ಶನ ಮುಗಿಸಿ ಹೊರಗೆ ಗೋಡೆಯ ನೆರಳಿನಲ್ಲಿ ಕೂತಿದ್ದೆ. ಅವನು ಬಂದು ಒಂದು ಮೊಳ ದೂರ ಕೂತ.

"ನೋಡಿದ್ರೇನು ಸಂತನ್ನ?"

"ಕಾಲು ನೋಡಿದೆ. ಭಾಳ ನಡದಾವ ಪಾಪ."

"ನಾನೂ ಭಾಳ ನಡೀತೀನಿ. ನಾಕು ಹಳ್ಳಿ. ಮನಿಗೆ ಬಂದ್ರ ಒಲಿ ಹಚ್ಚಾವ್ರಿಲ್ಲ."

"ಒಲಿ ಹಚ್ಚಾಕ ಆಳು ಬೇಕೇನು?"

"ಆಳು ಬ್ಯಾಡ. ನೀ ಬೇಕು."

ಅದುವರೆಗೆ ಬಹುವಚನದಲ್ಲೇ ಮಾತಾಡಿಸಿದವನು ಒಮ್ಮೆಲೇ ಏಕವಚನಕ್ಕೆ ಇಳಿದಿದ್ದ. ಎಂಟು ವರ್ಷದಿಂದ ಯಾರೂ ನನ್ನನ್ನು ಬೇಕು ಎಂದಿರಲಿಲ್ಲ, ರೊಟ್ಟಿಗೆ ಬಿಟ್ಟರೆ.

ಅವನು ಆಗಲೇ ಎಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದ. "ಈಸ್ಟರ್ ಹಬ್ಬಕ್ಕ ಪಾದ್ರಿಗಳ ಕೈಲೆ ನೀ ಜ್ಞಾನಸ್ನಾನ ತಗೋ. ಹಂಪವ್ವ ಜ್ಞಾನತಾಯಿ ಆಗಿ ನಿಲ್ಲಲಿ. ಆವತ್ತ ನಾ ನಿನ್ನ ಸನೇಕ ಸುಳಿಯಂಗಿಲ್ಲ ನೋಡು. ನೀರು ಹಾಕಿದಾವ ಅಪ್ಪ ಆಗ್ತಾನ. ಅಪ್ಪಗ ಮಗಳ ಜೋಡಿ ಮದುವಿ ಇಲ್ಲ. ಅದು ಕಟ್ಟಳಿ."

"ನೀರು ಯಾರರ ಹಾಕಲಿ. ತಾಳಿ ನೀವು ಕಟ್ರಿ," ಎಂದೆ. ಎಂಥ ಗಂಡುಬೀರಿ ನಾನು ಆಗ!

ವಾಪಸ್ ಬರುವಾಗ ಲೋಂಡಾ ದಾಟಿದ ಮೇಲೆ ಸಂತನ ಸಾವು ಹೇಳುವುದೆಂದು ಅವನು ಇಟ್ಟುಕೊಂಡಿದ್ದ. ಅದಕ್ಕೆ ನಾನೇ ಅಡ್ಡ ಬಂದೆ. ವಾಂತಿಭೇದಿ ಶುರುವಾಯಿತು. ಒಂದು ಸಣ್ಣ ಟೇಶನ್ನಿನಲ್ಲಿ ನನ್ನನ್ನು ಇಳಿಸಿ ಬೇವಿನ ಗಿಡದ ಕೆಳಗೆ ಮಲಗಿಸಿದರು. ಇನ್ನಾಸಪ್ಪ, ಹಂಪವ್ವ ಇಬ್ಬರೂ ಉಳಿದರು. ಮಿಕ್ಕವರು ಗಾಡಿಯಲ್ಲೇ ಹೋದರು. ಡಾಕ್ಟರು ಇರುವುದು ಧಾರವಾಡದಲ್ಲಿ, ಮುಂದಿನ ಗಾಡಿ ಸಂಜೆಗೆ. ಆಗಿನ್ನೂ ಮಟಮಟ ಮಧ್ಯಾಹ್ನ. ನನ್ನ ಕಾಲು ತಣ್ಣಗಾಗಿ, ಆ ತಂಪು ಮೇಲೆ ಮೇಲೆ ಬರುತ್ತಿತ್ತು.

ಆ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ.

"ಬಿಡೋ ಇನ್ನಾಸಪ್ಪ, ನಾ ಹಾಕ್ತೀನಿ. ತಂಬಿಗಿ ನನ್ನ ಕೈಯಾಗ ಐತಿ," ಎಂದಳು ಹಂಪವ್ವ.

"ಬ್ಯಾಡ ಎವ್ವಾ. ನೀ ನಾಕು ಹೆಸರು ಹೇಳಿ ಬಿಡ್ತಿ. ತಪ್ಪಿದ್ರ ಇಕಿ ಆತ್ಮ ಹೋಗ್ತೈತಿ."

"ಮೂರ ಹೇಳ್ತೀನೋ. ನೀ ಹಾಕಿದ್ರ ಮುಂದ..."

"ಮುಂದ ಎಲ್ಲೈತಿ ಎವ್ವಾ? ಕೊಡು ಇಲ್ಲಿ."

ಹಣೆಗೆ ನೀರು ಬಿತ್ತು. ಮೂರು ಸಲ. ಬಿಕ್ಕುತ್ತಲೇ ಹೇಳಿದ, ಆದರೆ ಒಂದು ಅಕ್ಷರವೂ ತಪ್ಪಲಿಲ್ಲ. ಅನ್ನಮ್ಮ ಎಂದು ನನಗೆ ಹೆಸರನ್ನೂ ಇಟ್ಟ.

ಸಾಯಬೇಕಾದವಳು ಸಾಯಲಿಲ್ಲ.

ಮೂರನೆಯ ದಿನ ಧಾರವಾಡದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟೆ. ಹಂಪವ್ವ ಹಣೆ ಸವರಿದಳು. "ಎದ್ದೀ ನನ್ನವ್ವಾ? ತಡಿ, ನಿಮ್ಮಪ್ಪ ಹಾಲು ತರಾಕ ಹೋಗ್ಯಾನ," ಎಂದಳು. ನಮ್ಮಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಯಾವ ಅಪ್ಪ ಎಂದು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಇನ್ನಾಸಪ್ಪ ಹಾಲಿನ ತಂಬಿಗೆ ಹಿಡಿದು ನಿಂತಿದ್ದ. ನನ್ನ ಮುಖ ನೋಡಲಿಲ್ಲ.

ಬೇವೂರಿಗೆ ಸುದ್ದಿ ಮುಟ್ಟಿತು. "ಜಾತಿ ಬಿಟ್ಟಾಕಿ ನಮ್ಮ ಹೊಸ್ತಿಲಾ ತುಳಿಬಾರದು," ಎಂದು ಅಣ್ಣ ಹೇಳಿ ಕಳಿಸಿದ. ಹೋಗಲಿ, ಅದೇನು ದೊಡ್ಡ ಅರಮನೆಯಲ್ಲ. ಆದರೆ ಈಗ ನನಗೆ ಇದ್ದವನು ಇನ್ನಾಸಪ್ಪ ಒಬ್ಬನೇ, ಅವನೂ ಅಪ್ಪನಾಗಿ ಕೂತಿದ್ದ.

ಪಾದ್ರಿಗಳು ಒಳ್ಳೆಯವರು. "ಬಿಷಪ್ಪರು ಮನಸ್ಸು ಮಾಡಿದರೆ ಈ ಕಟ್ಟಳೆಗೆ ಮಾಫಿ ಉಂಟು, ಸಾಮಾನ್ಯವಾಗಿ ಕೊಡುತ್ತಾರೆ," ಎಂದು ಲ್ಯಾಟಿನ್ನಿನಲ್ಲಿ ಅರ್ಜಿ ಬರೆದುಕೊಟ್ಟರು. ಅದಕ್ಕೆ ಇಬ್ಬರ ಸಹಿ ಬೇಕಿತ್ತು. ಜಪದ ಜೊತೆಗೆ ಇನ್ನಾಸಪ್ಪನೇ ಕಲಿಸಿದ್ದ ಅಕ್ಷರಗಳಲ್ಲಿ ಸೊಟ್ಟಗೆ ಹಳೆಯ ಹೆಸರನ್ನೇ, ಶೇಖರಮ್ಮ ಎಂದು ಬರೆದೆ. ತಾನು ಸಹಿ ಮಾಡಿ ಟಪಾಲಿಗೆ ಹಾಕುತ್ತೇನೆಂದು ಅವನು ಕಾಗದ ಮಡಚಿಕೊಂಡು ಹೋದ.

ನಾನು ಕಾದೆ. ಟಪಾಲಿನವನು ಬಂದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಇನ್ನಾಸಪ್ಪ ತಿಂಗಳಿಗೊಮ್ಮೆ ಬರುತ್ತಿದ್ದ.

"ಬಂತೇನ್ರಿ?"

"ದೊಡ್ಡವರ ಕೆಲಸ. ತಡಾ ಆಗ್ತೈತಿ."

ಒಂದೂವರೆ ವರ್ಷ ಹೀಗೆ ಹೋಯಿತು. ಒಮ್ಮೆ ಅವನು ಜ್ವರ ಹಿಡಿದು ಬಂದು ಬೋರ್ಡಿಂಗಿನಲ್ಲಿ ಮಲಗಿದ. ಅವನ ಬಟ್ಟೆಬರೆ ಒಗೆಯಲು ಪಾದ್ರಿಗಳು ನನಗೆ ಹೇಳಿದರು. ಗಂಟೆ ಇಡುತ್ತಿದ್ದ ಚೀಲ ಝಾಡಿಸಿದೆ. ಗಂಟೆಯ ಹಿಂದೆಯೇ ಒಂದು ಕಾಗದ ಬಿತ್ತು. ಲ್ಯಾಟಿನ್ ನನಗೆ ಬಾರದು. ಕೆಳಗೆ ಶೇಖರಮ್ಮ ಎಂದಿದ್ದುದು ಓದಲು ಬಂತು. ಅದರ ಪಕ್ಕದ ಜಾಗ ಖಾಲಿ.

ಹೋಗಿ ಅವನ ಎದೆಯ ಮೇಲೆ ಇಟ್ಟೆ. "ಇದೇನ್ರಿ?"

ಅವನು ಕಾಗದವನ್ನು ಕೈಯಿಂದ ಮುಚ್ಚಿದ. "ಕುಷ್ಟಗಿ ಕಡಿ ಮಂದಿ ಕೇಳಿದ್ರು. 'ಮಗಳನ್ನ ಮಾಡ್ಕೋತೀರಂತಲ್ರಿ ಉಪದೇಶಿಯವರ' ಅಂದ್ರು. ನಾಕು ಹಳ್ಳಿಗೆ ಕಟ್ಟಳಿ ಹೇಳಾವ ನಾ, ಶೇಖರಮ್ಮ. ನನಗಷ್ಟ ಮಾಫಿ ಕೇಳಲಿ ಹ್ಯಾಂಗ?"

"ಹಂಗಂತ ನನ್ನ ಮುಂದ ಹೇಳಬೇಕಿತ್ತು."

"ಬಾಯಿ ಬರಲಿಲ್ಲ."

"ನೀರು ಹಾಕಾಗ ಬಂತು. ಹಂಪವ್ವನ ಕೈಯಾಗಿನ ತಂಬಿಗಿ ಕಸಗೊಂಡು ಹಾಕಿದ್ರಿ. ಆವಾಗ ಒಂದು ಅಕ್ಷರ ತಪ್ಪಲಿಲ್ಲ ನಿಮ್ಮ ಬಾಯಾಗ."

ಅವನು ಗೋಡೆಗೆ ತಿರುಗಿ ಮಲಗಿದ. ನಾನು ಕಾಗದವನ್ನು ಒಲೆಗೆ ಹಾಕಿದೆ. ಇನ್ನೊಂದು ಬರೆಸಬಹುದಿತ್ತು ಎಂದು ನೀವು ಹೇಳಬಹುದು. ಹಂಪವ್ವನೂ ಹೇಳಿದಳು. ಬೇಕು ಎಂದವನೇ ಬಾಯಿ ಮುಚ್ಚಿಕೊಂಡು ಕೂತರೆ ಬೇಡುವ ದರ್ದು ನನಗೇನಿತ್ತು? ಅವನನ್ನು ಪ್ರೀತಿಸುವುದು ಮಾತ್ರ ನಿಲ್ಲಲಿಲ್ಲ. ಅದು ನನ್ನ ಕೈಯಲ್ಲಿರಲಿಲ್ಲ.

1934ರಲ್ಲಿ ಪಾದ್ರಿಗಳೇ ನನಗೊಂದು ಸಂಬಂಧ ನೋಡಿದರು. ಕೊಪ್ಪಳ ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆದೆಪ್ಪ, ನಮ್ಮ ಸಭೆಯವನೇ, ಹೆಂಡತಿ ಸತ್ತವನು. ಇವತ್ತಿಗೂ ಅವನ ಬಾಯಿಂದ ಒಂದು ಕೆಟ್ಟ ಮಾತು ಕೇಳಿಲ್ಲ. ಒಪ್ಪಿಕೊಂಡೆ.

ಮದುವೆಯ ದಿನ ಹೆಣ್ಣನ್ನು ಅಪ್ಪ ಕೈ ಹಿಡಿದು ಪೀಠದವರೆಗೆ ಕರೆದೊಯ್ಯಬೇಕು. ಅಪ್ಪ ಇಲ್ಲದವಳಿಗೆ ಯಾರು? ಸಭೆಯ ಹಿರಿಯರು ಒಂದೇ ಬಾಯಲ್ಲಿ ಹೇಳಿದರು: "ಜ್ಞಾನತಂದಿ ಅದಾನಲ್ಲ!"

ಚರ್ಚಿನ ಬಾಗಿಲಲ್ಲಿ ಇನ್ನಾಸಪ್ಪ ಹೊಸ ಧೋತರ ಉಟ್ಟು ನಿಂತಿದ್ದ. ಬಹಳ ಇಳಿದುಹೋಗಿದ್ದ. ನನ್ನ ಕೈ ಹಿಡಿದ. ಅವನು ನನ್ನ ಕೈ ಹಿಡಿದದ್ದು ಅದೇ ಮೊದಲು. ಒಳಗೆ ಜನ ಎದ್ದು ನಿಂತರು. ಆದೆಪ್ಪ ಮುಂದೆ ನಿಂತು ಹಿಂತಿರುಗಿ ನೋಡಿದ.

"ಶೇಖರಮ್ಮ," ಎಂದ ಇನ್ನಾಸಪ್ಪ, ತುಟಿ ಅಲುಗಿಸದೆ. "ನಾ ತಪ್ಪ ಮಾಡಿದೆ. ನೀ ಇಲ್ದ ನನಗ ಆಗೂದಿಲ್ಲ. ಪಾದ್ರಿಗಳು ಇನ್ನೊಮ್ಮೆ ಕಾಗದ ಬರದ್ರ ಸಹಿ ಹಾಕ್ತೀನಿ. ಈಗ, ಇಲ್ಲೇ, ಎಲ್ಲಾರ ಮುಂದ ಹಾಕ್ತೀನಿ."

ಈ ಮಾತಿಗಾಗಿ ನಾನು ಎಷ್ಟು ಕಾದಿದ್ದೆ! ಅದು ಬಂದದ್ದು ಈಗ, ಇನ್ನೊಬ್ಬ ಬಡಪಾಯಿಯನ್ನು ಜನರೆದುರು ನಿಲ್ಲಿಸಿದ ಮೇಲೆ. ಮುಖಕ್ಕೆ ಹೊಡೆಯಬೇಕೆನಿಸಿತು. ಅವನ ಎದೆಗೆ ತಲೆ ಇಟ್ಟು ಅಳಬೇಕೆನಿಸಿತು. ಊರವರೆಲ್ಲ ಎರಡು ವರ್ಷದಿಂದ ಅವನನ್ನು ನಿಮ್ಮಪ್ಪ, ನಿಮ್ಮಪ್ಪ ಎಂದು ಕರೆದಿದ್ದರು. ನಾನು ಒಂದು ದಿನವೂ ಕರೆದಿರಲಿಲ್ಲ.

"ನಡೀರಿ ಅಪ್ಪಾ," ಎಂದೆ. "ಮಂದಿ ಕಾಯಾಕ ಹತ್ಯಾರ."

ಅವನ ಕೈ ಸಡಿಲಾಯಿತು. ನಾನು ಗಟ್ಟಿಯಾಗಿ ಹಿಡಿದುಕೊಂಡು ಹೆಜ್ಜೆ ಹಾಕಿದೆ. ಬಿಟ್ಟಿದ್ದರೆ ಇಬ್ಬರೂ ಅಲ್ಲೇ ಬೀಳುತ್ತಿದ್ದೆವು.