ಎದುರು ಮೇಳದ ಚನ್ನೇಶ

ಯಾರಾದರೂ ಫೋನು ಎತ್ತಿ ಹಿಡಿದರೆ ಸಾಕು, ನೀಲಾಂಬಿಕಾಳ ಎದೆ ಧಸಕ್ಕೆನ್ನುತ್ತಿತ್ತು. ಅವರು ತಮ್ಮ ಮಗುವಿನ ಫೋಟೋ ತೆಗೆಯುತ್ತಿದ್ದರೂ ಅಷ್ಟೇ, ಬಸ್ಸಿನ ಟೈಮು ನೋಡುತ್ತಿದ್ದರೂ ಅಷ್ಟೇ. ಸೆರಗು ಎಳೆದುಕೊಂಡು ಮುಖ ತಿರುಗಿಸಿಬಿಡುವಳು. ಇದೇ ನೀಲಾ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಒಂದು ಕಾಲಕ್ಕೆ ಸೆಲ್ಫಿಗೆ ಮಂದಿ ಮುಗಿಬೀಳುತ್ತಿದ್ದರು. ತಡಸದ ನೀಲಾಂಬಿಕಾ ಗೀಗೀ ಪದಕ್ಕೆ ನಿಂತಳೆಂದರೆ ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡುತ್ತಿದ್ದರು.

ಇವತ್ತು ಅಕ್ಕಿಆಲೂರಿನ ರೈಸ್ ಮಿಲ್ಲಿನ ಅಂಗಳದಲ್ಲಿ, ಶಾಮಿಯಾನದ ಹಿಂದೆ ತಗಡಿನ ಮರೆಯಲ್ಲಿ ಕುಳಿತು ನೀರು ಕುಡಿದದ್ದೇ ಕುಡಿದದ್ದು.

ಮಿಲ್ಲಿನ ಹೊಸ ಮಷಿನ್ ಪೂಜೆಗೆ ಮಧ್ಯಾಹ್ನದ ಗೀಗೀ ಹಾಡಿಕಿ ಇಟ್ಟಿದ್ದರು. ಒಪ್ಪಿಸಿದವನು ಸವಣೂರಿನ ನಬೀಸಾಬ. ಮೈಕ್ ಸೆಟ್ಟಿನವನು, ಮೊದಲಿನಿಂದಲೂ ಅವಳ ಮೇಳಕ್ಕೆ ಹಾಡಿಕಿ ಗೊತ್ತು ಮಾಡುವವನು. ಇದೊಂದು ಸುಸೂತ್ರವಾದರೆ ಮತ್ತೆ ನಾಲ್ಕು ಕಡೆ ಕರೆಯುತ್ತಾರೆ, ಇಲ್ಲದಿದ್ದರೆ ನಿನ್ನ ಹೆಸರು ಹೇಳಿಕೊಂಡು ಯಾರ ಮುಂದೂ ನಿಲ್ಲಲಾರೆ ತಂಗಿ ಎಂದು ಅವನು ಖಡಾಖಡಿ ಹೇಳಿದ್ದ.

ಗೀಗೀ ಹಾಡಿಕಿಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹೆಣ್ಣೇ ಹೆಚ್ಚೆಂದು ಒಂದು, ಗಂಡೇ ಹೆಚ್ಚೆಂದು ಇನ್ನೊಂದು. ಸವಾಲು, ಜವಾಬು. ನೀಲಾ ಯಾವತ್ತೂ ಹೆಣ್ಣಿನ ಪಕ್ಷ. ಎದುರಿಗೆ ಹಿರೇಕೆರೂರಿನ ಚನ್ನೇಶ, ಗಂಡಿನ ಪಕ್ಷ. ವೇದಿಕೆಯ ಮೇಲೆ ಇಬ್ಬರೂ ಹಾವು ಮುಂಗುಸಿ. ಕೆಳಗಿಳಿದರೆ ಬೇರೆಯದೇ ಕಥೆ. ಚಹಾದ ಅಂಗಡಿಯಲ್ಲಿ ಅವನು ಅವಳ ಬಳೆಗಳನ್ನು ನೋಡುವುದು, ಅವನು ನೋಡಲೆಂದೇ ಅವಳು ಕಪ್ಪನ್ನು ನಿಧಾನಕ್ಕೆ ಎತ್ತುವುದು, ಕಣ್ಣು ಕೂಡಿತೋ ಇಬ್ಬರೂ ಒಮ್ಮೆಲೆ ರಸ್ತೆ ಕಡೆ ತಿರುಗುವುದು. ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಅವನ ಮನೆಯ ಹಿರಿಯರು ಅವಳ ಜಾತಿಯವರ ಮನೆಯಲ್ಲಿ ಇಂದಿಗೂ ನೀರು ಕುಡಿಯುವವರಲ್ಲ.

ಸವಣೂರಿನ ಹಾಡಿಕಿಯ ದಿನ ಅವನಿಗೆ ಅದೇನು ಹುಕಿ ಬಂತೋ. "ಇವತ್ತ ಪಕ್ಷ ಬದ್ಲಿ ಮಾಡೂಣು. ನೀ ನನ್ನ ಪರ ಹಾಡು, ನಾ ನಿನ್ನ ಪರ ಹಾಡ್ತೇನಿ. ನಿನ್ನ ಪರ ಹಾಡಬೇಕಂತ ಭಾಳ ದಿನದ ಆಸೆ ಐತಿ" ಎಂದ. ಎಂದು ನಕ್ಕ. ಆ ನಗುವಿಗೆ ಅವಳು ಸೋತಳು, ಇನ್ನೇನು.

ಹಾಡಿದಳು. ಗಂಡಿನ ಪಕ್ಷದ ಹಳೆಯ ಪದ ಹಿಡಿದು, ಗಂಡನ ಮನೆ ಬಿಟ್ಟು ತವರಿಗೆ ಓಡಿ ಬಂದವಳಿಗೆ ಬಾಗಿಲು ತೆಗೆಯಬೇಡಿರೆಂದು ಕೈ ಬೀಸಿ, ಕಣ್ಣು ಕುಣಿಸಿ ಹಾಡಿದಳು. ಚನ್ನೇಶ ಹೆಣ್ಣಿನ ಪರವಾಗಿ ಕೊಟ್ಟ ಜವಾಬಿಗೆ ಮಂದಿ ಎದ್ದು ನಿಂತು ಸೀಟಿ ಹೊಡೆದರು.

ಯಾರೋ ಪುಣ್ಯಾತ್ಮ ಅವಳ ತುಣುಕೊಂದನ್ನೇ ಕತ್ತರಿಸಿ ಫೇಸ್‌ಬುಕ್ಕಿಗೆ ಹಾಕಿದ. ಜವಾಬು ಯಾರಿಗೆ ಬೇಕಾಗಿತ್ತು? ವಾರ ತುಂಬುವುದರೊಳಗೆ ಊರೂರಲ್ಲಿ ಅವಳನ್ನು ಬೈಯದ ಬಾಯಿಲ್ಲ. ಹಾನಗಲ್ಲಿನಲ್ಲಿ ಅವಳ ಬ್ಯಾನರಿಗೆ ಸೆಗಣಿ ಬಿತ್ತು. ಒಪ್ಪಿದ ಹಾಡಿಕಿಗಳೆಲ್ಲ ಕ್ಯಾನ್ಸಲ್. ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತಿತ್ತು; ಮಾತಿಲ್ಲ, ಬರೀ ಉಸಿರು.

ಪಕ್ಷ ಬದಲಿಸಿದ್ದೆವು ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾರಲ್ಲ? ಅದಕ್ಕಿದ್ದದ್ದು ಒಂದೇ ಉತ್ತರ, ಆ ಉತ್ತರ ಹೊರಬಿದ್ದರೆ ಅವನ ಮನೆಯವರು ಅವನನ್ನೂ ಬಿಡುವುದಿಲ್ಲ, ಇವಳ ಮಂದಿಯನ್ನೂ ಬಿಡುವುದಿಲ್ಲ. ನಾನೇ ಹೇಳಿಬಿಡುತ್ತೇನೆ ಎಂದು ಚನ್ನೇಶ ಫೋನಿನಲ್ಲಿ ಗೋಗರೆದಾಗ ನನ್ನಾಣೆ ಎಂದು ಅವನ ಬಾಯಿ ಕಟ್ಟಿದ್ದಳು. ಆಮೇಲೆ ಅವನ ಫೋನನ್ನೂ ಎತ್ತಿರಲಿಲ್ಲ.

ತಗಡಿನ ಆಚೆ ಯಾರೋ ಕೆಮ್ಮಿದರು. ಆ ಕೆಮ್ಮು ಅವಳಿಗೆ ಗೊತ್ತು.

"ಅಷ್ಟೂ ನೀರು ನೀನ ಕುಡೀಬ್ಯಾಡ. ಎದುರು ಮೇಳಕ್ಕೂ ಒಂದೀಟು ಉಳಸು" ಎಂದ ಚನ್ನೇಶ.

ನಗು ಬರಬೇಕಿತ್ತು, ಅಳು ಬಂತು. ತಲೆ ಎತ್ತಿ ನೋಡಿದಳು. ಅವನು ಗಡ್ಡ ಬಿಟ್ಟಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಚಂದ ಕಾಣುತ್ತಿದ್ದ, ಅದೊಂದು ಸಿಟ್ಟು ಬೇರೆ ಅವಳಿಗೆ.

"ಗಡ್ಡ ಯಾಕ ಬಿಟ್ಟೀರಿ?"

"ಮಂದಿಗೆ ಮುಖಾ ತೋರ್ಸಾಕ ನಾಚಿಕಿ."

"ಬೈಸಿಕೊಂಡಾಕಿ ನಾನು."

"ಅದಕ್ಕ ನಾಚಿಕಿ" ಎಂದ.

ಅವನ ನೋಟ ಅವಳ ಹಣೆಯಿಂದ ಇಳಿದು ಬಳೆಗಳ ಮೇಲೆ ನಿಂತಿತು. ಅಷ್ಟರಲ್ಲಿ ಸೋದರತ್ತೆ ಉಡಚವ್ವ ಒಂಟಿ ತಂತಿಯ ತುಂತುಣಿ ಹಿಡಿದು ಬಂದಳು. ನೀಲಾಳ ಹಿಂದೆ ನಿಂತು ಹಿಮ್ಮೇಳ ಹಾಡುವವಳು ಅವಳೊಬ್ಬಳೇ. ಇನ್ನೊಬ್ಬಳು ಗಲಾಟೆಯ ನಂತರ ಮೇಳ ಬಿಟ್ಟಿದ್ದಳು. ಅತ್ತೆ ಅವನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಹೊತ್ತಾತು ನಡಿ ಎಂದಳು.

ವೇದಿಕೆ ಹತ್ತಿದಳು. ಮುಂದಿನ ಸಾಲಿನ ತುಂಬ ಹೆಣ್ಣುಮಕ್ಕಳು. ಒಬ್ಬರ ಮುಖದಲ್ಲೂ ನಗುವಿಲ್ಲ. ಡಪ್ಪು ಎತ್ತಿಕೊಂಡು ಸ್ತುತಿ ಹಾಡಬೇಕೆನ್ನುವಷ್ಟರಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಹೆಸರು ವೀರವ್ವ, ಇದೇ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವವಳು. ಅವಳು ಕೂಗಲಿಲ್ಲ, ಬೈಯಲಿಲ್ಲ.

"ನನ್ನ ಮಗಳು ಗಂಡನ ಹೊಡ್ತ ತಾಳಲಾರ್ದ ಓಡಿ ಬಂದಿದ್ಲು. ನನ್ನ ಮಗ ಫೋನಿನ್ಯಾಗ ನಿನ್ನ ಪದಾ ಹಚ್ಚಿ, ಕೇಳು ಅಂತ ಹೇಳಿ ಬಾಗ್ಲಾ ಹಾಕಿದ. ಇದಕ್ಕ ಏನಂತಿ?"

ಬೈಗುಳಕ್ಕೆ, ಚಪ್ಪಲಿಗೆ, ಕಲ್ಲಿಗೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಇದಕ್ಕೆ ಮಾಡಿಕೊಂಡಿರಲಿಲ್ಲ. ಅಂಗಳದ ತುಂಬ ಫೋನುಗಳು ಮೇಲೆದ್ದವು. ನಬೀಸಾಬ ಕೈ ಮುಗಿದು, ಕ್ಷಮೆ ಕೇಳಿ ಹಾಡಲು ಶುರು ಮಾಡು ಎಂದು ದೂರದಿಂದಲೇ ಸನ್ನೆ ಮಾಡಿದ. ಎದುರಿಗೆ ಚನ್ನೇಶ ಕುರ್ಚಿಯಿಂದ ಎದ್ದ. ಅವನ ಮುಖ ನೋಡಿದಳು. ಆಣೆ ಮುರಿಯುವವನ ಮುಖ ಅದು. ಅವನು ಹೇಳಿದರೆ ಹೆಣ್ಣನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಾರೆ. ಹೇಳುವುದಾದರೆ ಅವನಿಗಿಂತ ಮೊದಲು ತಾನೇ ಹೇಳಬೇಕೆಂದು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಈಗ ಎಲ್ಲಿ ಅದಾಳ್ರಿ ಆಕಿ?"

"ಬಂಕಾಪುರದಾಗ, ನಮ್ಮಕ್ಕನ ಮನ್ಯಾಗ. ಜೀವಕ್ಕೇನಿಲ್ಲ."

ನೀಲಾ ಉಸಿರು ಬಿಟ್ಟಳು. "ಆ ಪದ ನನ್ನ ಪಕ್ಷದ್ದಲ್ರಿ ಯವ್ವಾ. ಆದ್ರ ಹಾಡಿದ ಬಾಯಿ ನಂದ. ತಪ್ಪು ನಂದ. ಯಾಕ ಹಾಡಿದಿ ಅಂದ್ರ, ಪಕ್ಷ ಬದ್ಲಿ ಮಾಡೂಣು ಅಂತ ಇವರು ಕೇಳಿದ್ರು. ಇವರು ಕೇಳಿದ್ದಕ್ಕ ಒಲ್ಲೆ ಅನ್ನಾಕ ನನಗ ಬರೂದಿಲ್ಲ. ಇವರ ಮ್ಯಾಲೆ ನನ್ನ ಜೀವ ಐತ್ರಿ."

ಮೈಕು ಅದನ್ನು ಮಿಲ್ಲಿನ ಗೋಡೆಯವರೆಗೂ ಒಯ್ದಿತು. ಚನ್ನೇಶನಿಗೂ ಇದನ್ನು ಅವಳು ಹೇಳಿದ್ದು ಇದೇ ಮೊದಲು.

ಅವಳ ಬೆನ್ನ ಹಿಂದೆ ಉಡಚವ್ವ ತುಂತುಣಿಯನ್ನು ಹಲಗೆಯ ಮೇಲಿಟ್ಟಳು. ನಮ್ಮ ಮಂದಿಗೆ ಬೆಂಕಿ ಹಚ್ಚಿದಿ ಎಂದು ಮೆಲ್ಲಗೆ ಹೇಳಿ, ವೇದಿಕೆ ಇಳಿದು, ಹಿಂದೆ ನೋಡದೆ ರಸ್ತೆ ಕಡೆ ನಡೆದಳು.

ವೀರವ್ವ ಸೊಂಟದಿಂದ ತನ್ನ ಫೋನು ತೆಗೆದು ಎತ್ತಿ ಹಿಡಿದಳು.

"ನಿನ್ನ ಜೀವ ಯಾರ ಮ್ಯಾಲರ ಇರ್ಲಿ. ಆ ಪದಕ್ಕ ಜವಾಬು ಇರಬೇಕಲ್ಲ, ಅದನ್ನ ಹಾಡು. ನನ್ನ ಮಗ ಅದನ್ನೂ ಕೇಳ್ಲಿ."

ನೀಲಾ ಡಪ್ಪು ಬಾರಿಸಿದಳು. ಮಗಳು ಬಾಗಿಲಿಗೆ ಬಂದರೆ ಹೊಸ್ತಿಲಿಗೇ ಜೀವ ಬರುತ್ತದೆ ಎಂಬ ಸಾಲು ಎತ್ತಿಕೊಂಡಳು. ದನಿ ಒಡೆಯಿತು. ಸಾಲು ಮುಗಿದ ಕೂಡಲೇ ಹಿಂದಿನಿಂದ ಗೀಯ ಗಾ ಗೀಯ ಎಂದು ಎತ್ತಿ ಹಿಡಿಯಬೇಕು, ಆ ಬಿಡುವಿನಲ್ಲೇ ಮುಂದಿನವಳು ಉಸಿರು ತೆಗೆದುಕೊಳ್ಳುವುದು. ಹಿಂದೆ ಯಾರಿದ್ದಾರೆ? ಇಷ್ಟು ಮಂದಿಯ ಕಣ್ಣೆದುರು ಇಲ್ಲೇ ಕುಸಿಯುತ್ತೇನೆ, ಇನ್ನು ಹಾಡುವುದು ಮುಗಿಯಿತು ಎಂದುಕೊಂಡಳು.

ಆಗ ಬೆನ್ನ ಹಿಂದೆ ತುಂತುಣಿ ಮಿಡಿಯಿತು. ಗೀಯ ಗಾ ಗೀಯ ಎಂದು ಗಂಡು ದನಿಯೊಂದು ಎತ್ತಿಕೊಂಡಿತು.

ಎದುರು ಮೇಳದ ಮುಂದಾಳು ಬಂದು ಹಿಮ್ಮೇಳಕ್ಕೆ ನಿಂತದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಸೋತವನು ಊರು ಬಿಟ್ಟು ಹೋದಾನು, ಹಾಗೆ ನಿಲ್ಲಲಾರ. ಅವನ ಮೇಳದವರು ಎದ್ದು ನಿಂತಿದ್ದರು. ನಿಮ್ಮಪ್ಪಗ ನಾ ಏನ ಹೇಳ್ಲಿ ಎಂದು ಒಬ್ಬ ಕೂಗುತ್ತಿದ್ದ.

ನೀಲಾ ತಿರುಗಲಿಲ್ಲ. ಡಪ್ಪು ಬಡಿಯುತ್ತಲೇ ತುಟಿ ಅಲುಗದಂತೆ ಅಂದಳು. "ಹೋಗ್ರಿ. ನಿಮ್ಮ ಮಂದಿ ನೋಡಾಕತ್ತಾರ."

"ನೋಡ್ಲಿ. ಮುಂದಿನ ಸಾಲು ತಗೋ."

ಅವನ ದನಿ ಅವಳದಕ್ಕಿಂತ ಹೆಚ್ಚು ನಡುಗುತ್ತಿತ್ತು. ಅವಳು ಉಸಿರು ತುಂಬಿಕೊಂಡು ಮುಂದಿನ ಸಾಲು ತೆಗೆದುಕೊಂಡಳು.